ಯಾರೂ ಇಲ್ಲದ ಕಡಲದಂಡೆ

ಪ್ರವಾಸ ಲೇಖನಗಳಲ್ಲಿ ಹೊಸದೊಂದು ಜಾತಿ ಹುಟ್ಟಿಕೊಂಡು ಕೆಲವು ವರ್ಷಗಳಾದುವು. ವಾಚಕರಿಗೆ ಅದರ ಪರಿಚಯ ಇದ್ದೇ ಇದೆ. ದೀಪಾವಳಿ ವಿಶೇಷಾಂಕವಿರಲಿ, ಭಾನುವಾರದ ಪುರವಣಿಯಿರಲಿ, ಪ್ರವಾಸದ ಏರ್ಪಾಡು ಮಾಡುವವರು ಹಂಚುವ ಬಣ್ಣದ ಕೈಪಿಡಿಯಿರಲಿ, ತಲೆಬರಹದಲ್ಲಿ ‘ಅಜ್ಞಾತ’, ‘ನಿರ್ಜನ’, ‘ಯಾರೂ ಕಾಣದ’ ಎಂಬ ಮೂರು ವಿಶೇಷಣಗಳಲ್ಲಿ ಒಂದಾದರೂ ಇರುತ್ತದೆ. ಲೇಖಕರು ಗೋವೆಯ ಗದ್ದಲಕ್ಕೆ ಬೇಸತ್ತು ದಕ್ಷಿಣಕ್ಕೆ ಹೊರಟಿರುತ್ತಾರೆ. ಯಾರೋ ಒಬ್ಬ ರಿಕ್ಷಾದವನು ದಾರಿ ತೋರಿಸುತ್ತಾನೆ. ಒಂದು ಗುಡ್ಡ ಹತ್ತಿ ಇಳಿದರೆ ಎದುರಿಗೆ ನರಪಿಳ್ಳೆಯೂ ಇಲ್ಲದ ಮರಳದಂಡೆ. ಸೂರ್ಯ ಮುಳುಗುತ್ತಾನೆ; ಲೇಖಕರಿಗೆ ಬಾಳಿನ ಅರ್ಥ ಹೊಳೆಯುತ್ತದೆ. ಕೊನೆಯಲ್ಲಿ ಒಂದು ಚೌಕಟ್ಟಿನೊಳಗೆ, ಅಲ್ಲಿಗೆ ಹೋಗುವ ಬಸ್ಸಿನ ವೇಳೆಯೂ ತಂಗುವ ಕೋಣೆಯ ಬಾಡಿಗೆಯೂ ಅಚ್ಚಾಗಿರುತ್ತವೆ. ಯಾರಿಗೂ ಗೊತ್ತಿಲ್ಲದ ಸ್ಥಳಕ್ಕೆ ಬಸ್ಸು ಹೋಗುತ್ತಿರುವುದು ಹೇಗೆ ಎಂಬ ಸಂಶಯ ಲೇಖಕರನ್ನು ಕಾಡಿದಂತೆ ತೋರುವುದಿಲ್ಲ.

ಇಷ್ಟು ಹಗುರವಾದ ಬರಹಗಳನ್ನು ವಿಮರ್ಶೆಗೆ ಎತ್ತಿಕೊಳ್ಳುವ ಅಗತ್ಯವೇನಿತ್ತು ಎಂದು ಕೇಳಬಹುದು. ಅಗತ್ಯವಿದೆ. ಹೀಗೆ ‘ಕಂಡುಹಿಡಿಯಲ್ಪಡುತ್ತಿರುವ’ ದಂಡೆಗಳಲ್ಲಿ ಬಹುಪಾಲು ಕಾರವಾರದಿಂದ ಮಂಗಳೂರಿನವರೆಗಿನ ನಮ್ಮ ಕರಾವಳಿಗೆ ಸೇರಿದವು. ಈ ಪತ್ರಿಕೆಯನ್ನು ಓದುವ ಮನೆಗಳಲ್ಲಿ ಎಷ್ಟೋ ಮನೆಗಳ ಬೇರು ಅಲ್ಲಿಯೇ ಇದೆ. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದಂದಿನಿಂದ, ಆ ಜಿಲ್ಲೆಯ ಜನಕ್ಕೆ ಕೋರ್ಟು, ಕಾಲೇಜು, ನೌಕರಿ ಎಲ್ಲಕ್ಕೂ ಮುಂಬಯಿಯೇ ದಿಕ್ಕಾಯಿತು. ಅಜ್ಜಂದಿರು ಆಗಬೋಟಿನಲ್ಲಿ ಬಂದರು. ತಂದೆಯವರು ಬೆಳಗಾವಿ, ಪುಣೆಗಳ ಮೇಲೆ ಬಸ್ಸಿನಲ್ಲಿ ಬಂದರು. 1998ರ ಜನವರಿ 26ರಂದು ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ನಮ್ಮ ಮಕ್ಕಳು ರಾತ್ರಿ ಮಲಗಿ ಬೆಳಿಗ್ಗೆ ಏಳುವುದರೊಳಗೆ ಊರು ತಲಪುತ್ತಾರೆ. ತಲಪುವುದು ಮಾತ್ರ ಊರಿಗಲ್ಲ. ಗೆಳೆಯರ ಗುಂಪಿನಲ್ಲಿ ಗೋಕರ್ಣ ರೋಡ್ ನಿಲ್ದಾಣದಲ್ಲಿ ಇಳಿದು, ಯಾವುದೋ ಲೇಖನದಲ್ಲಿ ಓದಿದ ‘ಅಜ್ಞಾತ’ ತೀರದಲ್ಲಿ ಎರಡು ದಿನ ಕಳೆದು ಮರಳುತ್ತಾರೆ. ಅಲ್ಲಿಂದ ಕೂಗಳತೆಯಲ್ಲಿ ಅಜ್ಜಿಯ ತವರುಮನೆ ಇತ್ತೆಂಬುದು ಅವರಿಗೆ ಗೊತ್ತಿರುವುದಿಲ್ಲ. ಲೇಖನದಲ್ಲಂತೂ ಅದು ಇರುವುದೇ ಇಲ್ಲ. ಮಕ್ಕಳನ್ನು ದೂರುವುದು ನಮ್ಮ ಉದ್ದೇಶವಲ್ಲ. ಅವರ ಕೈಗೆ ಸಿಕ್ಕ ಬರಹ ಎಂಥದು ಎಂಬುದಷ್ಟೇ ನಮ್ಮ ಪ್ರಶ್ನೆ.

ಮೊದಲಿಗೆ ಹೆಸರುಗಳನ್ನೇ ನೋಡೋಣ. ಗೋಕರ್ಣದ ದಕ್ಷಿಣಕ್ಕೆ ಗುಡ್ಡದ ಮಗ್ಗುಲಲ್ಲಿ ಸಾಲಾಗಿರುವ ಮರಳದಂಡೆಗಳಲ್ಲಿ ‘ಕುಡ್ಲೆ’ ಎಂಬುದೊಂದು ಊರವರ ಬಾಯಿಯ ಹೆಸರಾಗಿ ಉಳಿದುಕೊಂಡಿದೆ. ಮುಂದಿನವು ‘ಓಂ’, ‘ಹಾಫ್ ಮೂನ್’, ‘ಪ್ಯಾರಡೈಸ್’. ಗುಡ್ಡದ ಮೇಲೆ ನಿಂತು ಕೆಳಗೆ ನೋಡುವವನಿಗೆ ಮಾತ್ರ ಓಂಕಾರದ ಆಕಾರ ಕಾಣುತ್ತದೆ. ಕೆಳಗೆ ನೀರಿನಲ್ಲಿ ಬಲೆ ಬೀಸುವವನಿಗೆ ಕಾಣುವುದು ಎರಡು ಕೊಲ್ಲಿ, ನಡುವೆ ಒಂದು ಬಂಡೆಯ ಮೂಗು. ಉಡುಪಿಯ ಬಳಿ ಸುವರ್ಣಾ ನದಿ ಕಡಲು ಸೇರುವಲ್ಲಿ ನದಿಗೂ ಕಡಲಿಗೂ ನಡುವೆ ಚಾಚಿಕೊಂಡ ಕಿರಿದಾದ ನೆಲ ಕೋಡಿ ಬೆಂಗ್ರೆ. ಪ್ರವಾಸಿಗರ ಬಾಯಲ್ಲಿ ಅದು ‘ಡೆಲ್ಟಾ ಬೀಚ್’ ಆಗಿದೆ. ‘ಕೋಡಿ’ ಎಂದರೇನು, ‘ಬೆಂಗ್ರೆ’ ಎಂದರೇನು ಎಂದು ಕೇಳಿದ್ದರೆ, ಆ ಎರಡು ಮಾತುಗಳಲ್ಲಿಯೇ ಆ ನೆಲದ ಭೂಗೋಳ ಇತ್ತು: ನೀರು ಹೊರಬೀಳುವ ತುದಿ, ನದಿಯೂ ಕಡಲೂ ಸೇರಿ ಒಟ್ಟಿದ ಮರಳ ದಿಬ್ಬ. ಕಾರವಾರದ ಉತ್ತರಕ್ಕೆ, ಗೋವೆಯ ಗಡಿಗೆ ತಾಗಿದಂತೆ ಮಾಜಾಳಿಯಲ್ಲಿ ಕಪ್ಪು ಮರಳಿನ ಪುಟ್ಟ ದಂಡೆಯೊಂದಿದೆ. ಅದರ ಹೆಸರು ತೀಳ್‌ಮಾತಿ. ಕೊಂಕಣಿಯಲ್ಲಿ ಎಳ್ಳಿನ ಮಣ್ಣು ಎಂದರ್ಥ. ಎಳ್ಳನ್ನು ಅಂಗೈಯಲ್ಲಿ ಹಿಡಿದು ಆರಿಸಿದ ಯಾರೋ ಇಟ್ಟ ಹೆಸರು ಅದು. ಈ ಹೆಸರಿನ ಪಕ್ಕದಲ್ಲಿ ‘ಪ್ಯಾರಡೈಸ್’ ಎಷ್ಟು ಬಡಕಲಾಗಿ ಕಾಣುತ್ತದೆ ನೋಡಿ. ಅದನ್ನು ಲೋಕದ ಯಾವ ದಂಡೆಗಾದರೂ ಅಂಟಿಸಬಹುದು.

ಇದು ಬರಿಯ ಭಾಷಾಭಿಮಾನದ ಮಾತೆಂದು ಯಾರೂ ತಿಳಿಯಬಾರದು. ಕರಾವಳಿಯ ಕನ್ನಡ, ಕೊಂಕಣಿ, ತುಳುಗಳಲ್ಲಿ ನೀರಿಗೂ ದಡಕ್ಕೂ ಇರುವಷ್ಟು ಮಾತುಗಳು ಒಳನಾಡಿನವರಿಗೆ ಊಹಿಸಲೂ ಆಗದಷ್ಟಿವೆ. ಅಳಿವೆ, ಕುರ್ವೆ, ಗಜನಿ, ಧಕ್ಕೆ, ಉಬ್ಬರ, ಇಳಿತ. ಪ್ರವಾಸ ಲೇಖನ ಇವನ್ನೆಲ್ಲ ಮಡಿಚಿಟ್ಟು ‘ಬೀಚ್’ ಎಂಬ ಒಂದೇ ಪದದಲ್ಲಿ ಕೆಲಸ ಮುಗಿಸುತ್ತದೆ. ಅಳಿವೆ ಎಂದಾಗ ನದಿಯ ಬಾಯಿ, ಅಲ್ಲಿ ದಾಟುವ ದೋಣಿ, ಸಿಹಿನೀರಿಗೆ ಉಪ್ಪುನೀರು ಏರಿ ಬರುವ ಹೊತ್ತು, ಆ ಹೊತ್ತಿಗೆ ಕಾದು ಕುಳಿತ ಮೀನುಗಾರ ಎಲ್ಲರೂ ಕಣ್ಣಿಗೆ ಕಟ್ಟುತ್ತಾರೆ. ‘ಬೀಚ್’ ಎಂದಾಗ ಒಂದು ಟವೆಲ್ಲು ಮಾತ್ರ ಕಾಣುತ್ತದೆ.

ಇನ್ನು ‘ನಿರ್ಜನ’ ಎಂಬ ಮಾತಿಗೆ ಬರೋಣ. ನಮ್ಮ ಮುಖ್ಯ ತಕರಾರು ಇರುವುದು ಇಲ್ಲಿಯೇ. ಈ ಲೇಖನಗಳು ಜನವಿಲ್ಲದಿರುವಿಕೆಯನ್ನು ಪ್ರಕೃತಿಯ ಗುಣವೆಂಬಂತೆ, ಮರಳಿನ ಬಿಳುಪಿನಂತೆ, ನೀರಿನ ನೀಲಿಯಂತೆ ವರ್ಣಿಸುತ್ತವೆ. ಆದರೆ ನಮ್ಮ ಕರಾವಳಿಯ ಬಹಳಷ್ಟು ದಂಡೆಗಳು ತಾವಾಗಿ ನಿರ್ಜನವಾಗಿರಲಿಲ್ಲ. ಅವು ನಿರ್ಜನವಾದವು, ಮತ್ತು ಅದಕ್ಕೆ ಇಸವಿ ಹಾಕಿ ಹೇಳಬಹುದಾದ ಕಾರಣಗಳಿವೆ.

ರಂಪಣಿಯನ್ನೇ ತೆಗೆದುಕೊಳ್ಳೋಣ. ಅರವತ್ತು ದಾಟಿದ ಕರಾವಳಿಯವರಿಗೆ ಈ ಹೆಸರು ಕೇಳಿದೊಡನೆ ಕಿವಿಯಲ್ಲಿ ಕೂಗು ಏಳುತ್ತದೆ; ಕಿರಿಯರಿಗೆ ವಿವರಿಸಬೇಕು. ರಂಪಣಿ ಎಂಬುದು ದಡದಿಂದ ಎಳೆಯುವ ಮಹಾಬಲೆ. ಅದು ಒಬ್ಬನ ಸೊತ್ತಲ್ಲ. ಹಲವು ಮನೆಗಳವರು ತಂತಮ್ಮ ಬಲೆಯ ತುಂಡುಗಳನ್ನು ತಂದು ಜೋಡಿಸಿ ಒಂದು ಬಲೆ ಮಾಡುತ್ತಿದ್ದರು. ಆ ಕೂಟಕ್ಕೆ ‘ಕಂಪೆನಿ’ ಎಂದೇ ಹೆಸರು. ಬಂಗುಡೆಯ ಅಥವಾ ತಾರ್ಲೆಯ ಹಿಂಡು ದಡಕ್ಕೆ ಹತ್ತಿರ ಬಂದಾಗ ನೀರಿನ ಬಣ್ಣ ಬದಲಾಗುತ್ತದೆ, ಮೇಲೆ ಹಕ್ಕಿಗಳು ಸುತ್ತುತ್ತವೆ. ಎತ್ತರದಲ್ಲಿ ನಿಂತು ನೋಡುವ ಅನುಭವಿಯೊಬ್ಬ ಕೈಸನ್ನೆ ಮಾಡಿದನೆಂದರೆ ದೋಣಿ ಹೊರಟು ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಡುತ್ತ ಮತ್ತೆ ದಡಕ್ಕೆ ಬರುತ್ತದೆ. ಆಮೇಲೆ ಎರಡು ತುದಿಗಳಲ್ಲಿ ಹತ್ತಾರು ಜನ ಸಾಲಾಗಿ ಹಗ್ಗ ಹಿಡಿದು, ಮರಳಿನಲ್ಲಿ ಹಿಮ್ಮಡಿ ಊರಿ, ಹಾಡಿಗೆ ಹೆಜ್ಜೆ ಸೇರಿಸಿ ಎಳೆಯಬೇಕು. ಬಲೆ ದಡಕ್ಕೆ ಬರುವಷ್ಟರಲ್ಲಿ ಊರಿಗೆ ಊರೇ ಅಲ್ಲಿ ನೆರೆದಿರುತ್ತಿತ್ತು. ಬುಟ್ಟಿ ಹೊತ್ತ ಹೆಂಗಸರು, ಪಾಲು ಲೆಕ್ಕ ಹಾಕುವವರು, ಉಪ್ಪು ಹಾಕುವವರು, ಬಲೆಯಿಂದ ಜಾರಿದ ಮೀನಿಗೆ ಕಾದ ಮಕ್ಕಳು, ಕಾಗೆ, ನಾಯಿ, ಹದ್ದು. ಮರುದಿನ ಹರಿದ ಬಲೆಯನ್ನು ಅದೇ ಮರಳಿನ ಮೇಲೆ ಹಾಸಿ ಹೊಲಿಯುತ್ತಿದ್ದರು. ಇಂದು ‘ಮೈಲುಗಟ್ಟಲೆ ಒಂದು ಹೆಜ್ಜೆಗುರುತೂ ಇಲ್ಲ’ ಎಂದು ಲೇಖನ ಕೊಂಡಾಡುವ ದಂಡೆ ಅದೇ.

1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ನಮ್ಮ ಕರಾವಳಿಗೆ ಬಂದವು. ಯಂತ್ರದ ದೋಣಿ ಆಳನೀರಿಗೆ ಹೋಗಿ ಮೀನಿನ ಹಿಂಡನ್ನು ಅಲ್ಲಿಯೇ ಸುತ್ತುವರಿದು ಹಿಡಿಯುತ್ತದೆ. ಹಿಂಡು ದಡದ ಹತ್ತಿರ ಬರುವುದಕ್ಕೆ ಕಾಯಬೇಕಾಗಿಲ್ಲ; ದಡದಲ್ಲಿ ಹಗ್ಗ ಹಿಡಿಯುವ ಹತ್ತಾರು ಕೈಗಳೂ ಬೇಕಾಗಿಲ್ಲ. ಅದಾಗಿ ಕೆಲವೇ ವರ್ಷಗಳಲ್ಲಿ ರಂಪಣಿ ಕಂಪೆನಿಗಳು ಒಂದೊಂದಾಗಿ ಮುಚ್ಚಿದವು. ಆಗ ಜಗಳಗಳಾದವು, ಮೊಕದ್ದಮೆಗಳಾದವು, ಅದರ ವಿವರ ಇಲ್ಲಿ ಬೇಡ. ಮೀನುಗಾರಿಕೆ ನಿಂತಿತೆಂದಲ್ಲ. ಅದು ಮಲ್ಪೆ, ಮಂಗಳೂರು, ತದಡಿ, ಕಾರವಾರಗಳ ಧಕ್ಕೆಗೆ ಸರಿಯಿತು. ದಂಡೆ ಬರಿದಾಯಿತು. ಈ ಬರಿದುತನವನ್ನು ‘ಶಾಂತಿ’ ಎಂದು ಕರೆಯುವುದಕ್ಕೆ ಮೊದಲು ಲೇಖಕರು ಎದುರಿಗೆ ಸಿಕ್ಕ ಒಬ್ಬ ಮುದುಕನನ್ನಾದರೂ ಮಾತನಾಡಿಸಬೇಕಾಗಿತ್ತು. ಲೇಖನಗಳಲ್ಲಿ ಮುದುಕ ಇರುತ್ತಾನೆ, ಇಲ್ಲವೆಂದಲ್ಲ. ಫೋಟೋದಲ್ಲಿ, ಸೂರ್ಯನಿಗೆ ಅಡ್ಡವಾಗಿ, ಕಪ್ಪು ನೆರಳಾಗಿ ಇರುತ್ತಾನೆ.

ಕೆಲವು ದಂಡೆಗಳು ಬೇರೆ ಬಗೆಯಲ್ಲಿ ಜನಶೂನ್ಯವಾದವು. ಕಾರವಾರದ ದಕ್ಷಿಣಕ್ಕೆ ಬಿಣಗಾ, ಅರಗಾ ಮುಂತಾದ ಕಡೆ ಗುಡ್ಡ ಕಡಲಿಗೆ ಇಳಿಯುವ ಜಾಗದಲ್ಲಿ ಇದ್ದ ಪುಟ್ಟ ಪುಟ್ಟ ಕೊಲ್ಲಿಗಳು ಎಂಥವೆಂಬುದನ್ನು ಹೆದ್ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ಕಂಡವರೂ ಮರೆಯಲಾರರು. 1986ರಲ್ಲಿ ಅಲ್ಲಿ ನೌಕಾನೆಲೆಗೆ ಅಡಿಗಲ್ಲು ಬಿತ್ತು. 2005ರಲ್ಲಿ ನೆಲೆ ಕಾರ್ಯಾರಂಭ ಮಾಡಿತು. ಸಾವಿರಾರು ಕುಟುಂಬಗಳು ಮನೆ, ತೋಟ, ದೋಣಿಯ ತಾವು ಬಿಟ್ಟು ಎದ್ದವು. ದೇಶದ ರಕ್ಷಣೆಯ ಕೆಲಸ ಅಗತ್ಯವಾದದ್ದು, ಅದರ ಬಗ್ಗೆ ನಮ್ಮದೇನೂ ಆಕ್ಷೇಪವಿಲ್ಲ. ಆದರೆ ಕರಾವಳಿಯ ‘ಏಕಾಂತ’ದ ಬಗ್ಗೆ ಬರೆಯುವವರು ಆ ಏಕಾಂತಕ್ಕೆ ಬೆಲೆ ತೆತ್ತವರಿದ್ದಾರೆಂಬುದನ್ನು ಒಂದು ವಾಕ್ಯದಲ್ಲಾದರೂ ನೆನೆಯಬಹುದಲ್ಲ?

ಮೂರನೆಯ ಕಾರಣ ನಾವು. ಬೀಗ ಹಾಕಿದ ಮನೆ, ಹುಲ್ಲು ಬೆಳೆದ ಅಂಗಳ, ನೋಡುವವರಿಲ್ಲದ ತೆಂಗಿನ ತೋಟ ಎಂದು ಪ್ರವಾಸ ಲೇಖನ ಚಿತ್ರಿಸುವ ‘ಕಾಲ ನಿಂತುಬಿಟ್ಟ ಹಳ್ಳಿ’ಯಲ್ಲಿ ಕಾಲವೇನೂ ನಿಂತಿಲ್ಲ. ಆ ಮನೆಯವರು ಮಾಟುಂಗದಲ್ಲಿಯೋ ಡೊಂಬಿವಲಿಯಲ್ಲಿಯೋ ಇದ್ದಾರೆ. ತೋಟವನ್ನು ಕೊಳ್ಳಲು ಬಂದ ದಲ್ಲಾಳಿ ಅವರ ವಿಳಾಸವನ್ನು ಹುಡುಕಿಕೊಂಡು ಬರುತ್ತಾನೆ. ಲೇಖಕರಿಗೆ ಮಾತ್ರ ಅದು ಸಿಕ್ಕುವುದಿಲ್ಲ. ಊರಿನಲ್ಲಿ ಪಾಲು ಇರುವ ನಮ್ಮ ಸದಸ್ಯರಿಗೆ ಈ ವಿಷಯ ವಿವರಿಸಿ ಹೇಳಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ, ಒಳ್ಳೆಯ ಬರಹ ಹೇಗಿರುತ್ತದೆ ಎಂಬುದನ್ನು ತೋರಿಸುವ ಹೊಣೆಯೂ ನಮ್ಮ ಮೇಲಿದೆ. ನಮ್ಮ ಕರಾವಳಿಯ ಏಕಾಂತ ದಂಡೆಯ ಬಗ್ಗೆ ಬರೆದ ಹೊರಗಿನವರಲ್ಲಿ ಮೊದಲಿಗರೆಂದು ಎಣಿಸಬೇಕಾದವರು ರವೀಂದ್ರನಾಥ ಠಾಕೂರರು. ಅವರ ಅಣ್ಣ ಸತ್ಯೇಂದ್ರನಾಥರು, ಐ.ಸಿ.ಎಸ್. ಸೇರಿದ ಮೊದಲ ಭಾರತೀಯರು, ಮುಂಬಯಿ ಪ್ರಾಂತದ ಸೇವೆಯಲ್ಲಿದ್ದು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. 1883ರಲ್ಲಿ ಇಪ್ಪತ್ತೆರಡರ ತರುಣ ರವೀಂದ್ರರು ಅಲ್ಲಿಗೆ ಹೋಗಿ ಉಳಿದರು. 1912ರಲ್ಲಿ ಪ್ರಕಟವಾದ ‘ಜೀವನಸ್ಮೃತಿ’ಯಲ್ಲಿ ಅದರ ನೆನಪಿದೆ. ಗುಡ್ಡಗಳು ಸುತ್ತುವರಿದ ಆ ಪುಟ್ಟ ರೇವು ಎಷ್ಟು ಮರೆಯಾಗಿತ್ತೆಂದರೆ ಅದು ಬಂದರೆಂದೇ ತೋರುತ್ತಿರಲಿಲ್ಲವೆಂದು ಅವರು ಹೇಳುತ್ತಾರೆ. ಅರ್ಧಚಂದ್ರಾಕಾರದ ದಂಡೆ, ಗಾಳಿಮರಗಳ ತೋಪು, ಕಡಲು ಸೇರುವ ಕಾಳಿನದಿ, ಎಲ್ಲವೂ ಅಲ್ಲಿ ಬರುತ್ತವೆ. ಇಂದಿನ ಲೇಖಕರಿಗೆ ಬೇಕಾದ ಸಾಮಗ್ರಿಯೆಲ್ಲ ನೂರನಲವತ್ತು ವರ್ಷಗಳ ಹಿಂದೆಯೇ ಅವರ ಕೈಯಲ್ಲಿತ್ತು.

ಅವರು ಅದರಿಂದ ಮಾಡಿದ್ದೇನು? ಒಂದು ಬೆಳದಿಂಗಳ ರಾತ್ರಿ ಸಣ್ಣ ದೋಣಿಯಲ್ಲಿ ಕಾಳಿನದಿಯಲ್ಲಿ ಮೇಲಕ್ಕೆ ಹೋಗುತ್ತಾರೆ. ಶಿವಾಜಿಯ ಕಾಲದ ಕೋಟೆಯಿದ್ದ ಗುಡ್ಡದ ಬುಡದಲ್ಲಿ ಇಳಿದು ಒಬ್ಬ ರೈತನ ಮನೆಯ ಅಂಗಳಕ್ಕೆ ಹೋಗಿ, ತಾವು ತಂದ ಬುತ್ತಿಯನ್ನು ಅಲ್ಲಿ ಕುಳಿತು ಉಣ್ಣುತ್ತಾರೆ. ಅಂಗಳ ಗುಡಿಸಿ ಚೊಕ್ಕಟವಾಗಿತ್ತು ಎಂಬುದನ್ನು ಬರೆಯಲು ಮರೆಯುವುದಿಲ್ಲ. ಆ ಅಂಗಳವನ್ನು ಗುಡಿಸಿದ ಕೈಯ ಗುರುತು ಆ ಒಂದು ವಿಶೇಷಣದಲ್ಲಿದೆ. ಹಿಂದಿರುಗುವಾಗ ಅಳಿವೆ ಮುಟ್ಟುವಷ್ಟರಲ್ಲಿ ಬಹಳ ಹೊತ್ತಾಗಿ, ದೋಣಿ ಬಿಟ್ಟು ಮರಳಿನ ಮೇಲೆ ನಡೆದು ಮನೆ ಸೇರುತ್ತಾರೆ. ಅಂದೇ ರಾತ್ರಿ ಒಂದು ಕವಿತೆಯನ್ನೂ ಬರೆಯುತ್ತಾರೆ. ಆದರೆ ಮುಂದೆ ಅದನ್ನು ನೆನೆಯುವಾಗ, ಭಾವ ಉಕ್ಕಿ ಹರಿಯುವ ಗಳಿಗೆಯಲ್ಲಿ ಬರೆದದ್ದೇ ಒಳ್ಳೆಯ ಕಾವ್ಯವಾಗುತ್ತದೆಂಬ ಭರವಸೆಯಿಲ್ಲ ಎಂಬರ್ಥದ ಮಾತನ್ನು ಸೇರಿಸುತ್ತಾರೆ. ಸೂರ್ಯಾಸ್ತ ಕಂಡ ರಾತ್ರಿಯೇ ಲೇಖನ ಮುಗಿಸಿ ಸಂಪಾದಕರಿಗೆ ರವಾನಿಸುವವರು ಈ ಮಾತನ್ನು ಗಮನಿಸುವುದು ಒಳ್ಳೆಯದು.

ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಕಾರವಾರದ ಆ ಏಕಾಂತದಲ್ಲಿ ರವೀಂದ್ರರು ಬರೆದ ನಾಟಕ ‘ಪ್ರಕೃತಿರ್ ಪ್ರತಿಶೋಧ’. ಅದರ ನಾಯಕ ಒಬ್ಬ ಸಂನ್ಯಾಸಿ. ಲೋಕದ ಎಲ್ಲ ಕಟ್ಟುಗಳನ್ನೂ ಹರಿದು, ಒಬ್ಬಂಟಿಯಾಗಿ ಅನಂತವನ್ನು ಕಾಣುವೆನೆಂದು ಹೊರಟವನು. ಒಬ್ಬ ಹುಡುಗಿ, ಯಾರೂ ದಿಕ್ಕಿಲ್ಲದವಳು, ಅವನನ್ನು ಮರಳಿ ಮನುಷ್ಯರ ನಡುವೆ ಎಳೆದು ತರುತ್ತಾಳೆ. ಜನರಿಂದ ದೂರವಾದ ದಂಡೆಯಲ್ಲಿ ಕುಳಿತು ಅವರು ಬರೆದದ್ದು ಒಬ್ಬಂಟಿತನದ ಸ್ತುತಿಯನ್ನಲ್ಲ, ಅದರ ಸೋಲನ್ನು. ತಮ್ಮ ಮುಂದಿನ ಎಲ್ಲ ಬರವಣಿಗೆಗೂ ಇದು ಪೀಠಿಕೆಯಿದ್ದಂತೆ ಎಂದು ಅವರೇ ಮುಂದೆ ಗುರುತಿಸಿದರು. ಕಾರವಾರದ ದಂಡೆಗೆ ಈಗ ಅವರ ಹೆಸರಿದೆ. ಪ್ರವಾಸ ಕೈಪಿಡಿಗಳೆಲ್ಲ ಅದನ್ನು ತಪ್ಪದೆ ನಮೂದಿಸುತ್ತವೆ. ನಾಟಕದ ಕಥೆಯನ್ನು ಹೇಳಿದ ಕೈಪಿಡಿಯೊಂದನ್ನೂ ನಾವು ಕಂಡಿಲ್ಲ.

ನಮ್ಮವರೇ ಬರೆದದ್ದಕ್ಕೆ ಬಂದರೆ, ಕಡಲನ್ನು ಕುರಿತ ಕನ್ನಡ ಬರವಣಿಗೆಯಲ್ಲಿ ಎರಡು ನೋಟಗಳಿವೆಯೆಂದು ನಮಗೆ ತೋರುತ್ತದೆ. ಒಂದು ಹಡಗಿನಿಂದ ಕಂಡ ಕಡಲು. ವಿ.ಕೃ. ಗೋಕಾಕರ ‘ಸಮುದ್ರಗೀತೆಗಳು’ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ದಡವಿಲ್ಲ, ದಡದ ಬವಣೆಯೂ ಇಲ್ಲ. ಕಡಲು ಒಂದು ಮಹಾತತ್ತ್ವ. ಇನ್ನೊಂದು ಮನೆಯ ಹಿತ್ತಲಿನಿಂದ ಕಂಡ ಕಡಲು. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಇರುವುದು ಅದು. ರಾಮ ಐತಾಳರ ಮನೆ ಕಡಲಿಗೂ ಹೊಳೆಗೂ ನಡುವಣ ಕೋಡಿಯಲ್ಲಿದೆ. ಈಗಿನ ಪ್ರವಾಸ ಲೇಖಕ ಕಂಡರೆ ಹಿಗ್ಗಿ ಹೋಗಬೇಕಾದ ಸ್ಥಳ. ಅಲ್ಲಿ ಪಾರೋತಿ, ಸರಸೋತಿಯರ ಪಾಲಿಗೆ ಕಡಲೆಂದರೆ ಕೆಲಸ. ಮಳೆಗಾಲದಲ್ಲಿ ಅದರ ಸದ್ದು ನಿದ್ದೆಗೆಡಿಸುವ ಸದ್ದು. ಆದರೆ ದುಡಿದು ಕುಳಿತ ಒಂದು ಗಳಿಗೆಯಲ್ಲಿ ಅದೇ ಸೊಬಗು ಕೂಡ. ಕಾರಂತರು ಸೊಬಗನ್ನು ಬಿಟ್ಟಿಲ್ಲ. ಕೆಲಸದಿಂದ ಅದನ್ನು ಬೇರ್ಪಡಿಸಿ ಮಾರಾಟಕ್ಕಿಡಲಿಲ್ಲ, ಅಷ್ಟೆ. ಅದೇ ಊರಿನ ಶೀನಮಯ್ಯರ ಮನೆಯವರು ಬೆಂಗಳೂರಿನಲ್ಲಿ ಹೋಟೆಲು ಇಟ್ಟು ಹಣ ಮಾಡುವ ಕಥೆಯೂ ಕಾದಂಬರಿಯಲ್ಲಿದೆ. ಊರು ಬರಿದಾಗುವ ಕ್ರಮವನ್ನು ಕಾರಂತರು 1940ರ ದಶಕದ ಆರಂಭದಲ್ಲಿಯೇ ಕಂಡಿದ್ದರು. ಮೊಮ್ಮಗ ರಾಮ ಪಟ್ಟಣಗಳಲ್ಲಿ ಅಲೆದು ಊರಿಗೆ ಮರಳುವುದನ್ನು ಓದುವಾಗ ಹೊರನಾಡಿನ ಓದುಗರಿಗೆ ಆಗುವ ಕಸಿವಿಸಿ ಬೆಂಗಳೂರಿನ ವಿಮರ್ಶಕರ ಬರಹಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಯಶವಂತ ಚಿತ್ತಾಲರ ಮಾತು ಇನ್ನೂ ಹತ್ತಿರದ್ದು. ಅವರು ಹುಟ್ಟಿದ ಹನೇಹಳ್ಳಿ ಗೋಕರ್ಣಕ್ಕೆ ತೀರ ಸಮೀಪದ ಊರು. ಬಾಳಿದ್ದು ಮುಂಬಯಿಯಲ್ಲಿ, ಬಾಂದ್ರಾದ ಬ್ಯಾಂಡ್‌ಸ್ಟ್ಯಾಂಡಿನಲ್ಲಿ, ಕಿಟಕಿಯಾಚೆ ಇನ್ನೊಂದು ಕಡಲನ್ನಿಟ್ಟುಕೊಂಡು. 2014ರಲ್ಲಿ ತೀರಿಕೊಂಡದ್ದೂ ಇಲ್ಲಿಯೇ. ‘ಬೊಮ್ಮಿಯ ಹುಲ್ಲುಹೊರೆ’ಯಿಂದ ತೊಡಗಿ ‘ಮೂರು ದಾರಿಗಳು’ ಕಾದಂಬರಿಯವರೆಗೆ ಹನೇಹಳ್ಳಿ ಅವರ ಬರವಣಿಗೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಅದೂ ಹೇಗೆ? ಚಾಡಿ ಹೇಳುವವರು, ಅನುಮಾನಿಸುವವರು, ಬಾಗಿಲ ಸಂದಿಯಿಂದ ನೋಡುವವರು, ಒಬ್ಬ ಹುಡುಗಿಯ ಬಾಳನ್ನು ಮಾತಿನಿಂದಲೇ ಹಾಳುಗೆಡಹುವವರು ತುಂಬಿದ ಊರಾಗಿ. ಹನೇಹಳ್ಳಿಯಲ್ಲಿ ಏಕಾಂತವೆಂಬುದು ಎಲ್ಲಿಯೂ ಸಿಕ್ಕುವುದಿಲ್ಲ. ಗುಡ್ಡದಾಚೆಯ ದಂಡೆಯಲ್ಲಿ ಏಕಾಂತ ಕಂಡೆನೆಂದು ಬರೆಯುವವರು ಈ ಊರನ್ನು ದಾಟಿಯೇ ಹೋಗಿರುತ್ತಾರೆ. ‘ಮೂರು ದಾರಿಗಳು’ ಓದಿದ್ದರೆ, ಗಿಡಮರಗಳ ನಡುವೆ ಮೌನವಾಗಿ ನಿಂತ ಹೆಂಚಿನ ಮನೆಗಳನ್ನು ‘ಪ್ರಶಾಂತ’ ಎಂದು ಕರೆಯುವ ಧೈರ್ಯ ಅವರಿಗೆ ಬರುತ್ತಿರಲಿಲ್ಲ.

ಎದುರುವಾದವನ್ನೂ ಕೇಳಬೇಕು. ವಿರಾರಿನ ಲೋಕಲಿನಲ್ಲಿ ದಿನಕ್ಕೆ ಎರಡು ಬಾರಿ ಇನ್ನೊಬ್ಬರ ಮೊಣಕೈ ಪಕ್ಕೆಗೆ ಚುಚ್ಚಿಸಿಕೊಂಡು ಪ್ರಯಾಣ ಮಾಡುವವರಿಗೆ, ವರ್ಷಕ್ಕೆ ನಾಲ್ಕು ದಿನ ಯಾರ ಮುಖವೂ ಕಾಣದ ಜಾಗ ಬೇಕೆನಿಸುವುದು ಸಹಜ. ಆ ಹಂಬಲವನ್ನು ನಾವು ಗೇಲಿ ಮಾಡಲಾರೆವು. ನಮಗೂ ಅದು ಇದೆ. ಮುರ್ಡೇಶ್ವರದಲ್ಲಿ ರಜೆಯ ದಿನ ನಿಲ್ಲಲು ಜಾಗವಿಲ್ಲದಷ್ಟು ಜನ ಸೇರುವಾಗ, ಸ್ವಲ್ಪ ದೂರದಲ್ಲಿ ಬೇರೆ ದಂಡೆಗಳೂ ಇವೆಯೆಂದು ತಿಳಿಸುವ ಲೇಖನ ಒಂದು ಉಪಕಾರವೇ. ಹೊಸ ಲೇಖಕರಲ್ಲಿ ಕೆಲವರು ಪ್ಲಾಸ್ಟಿಕ್ ಎಸೆಯಬೇಡಿ, ಆಮೆಗಳು ಮೊಟ್ಟೆಯಿಡುವ ತಿಂಗಳಲ್ಲಿ ಬೆಂಕಿ ಹಾಕಬೇಡಿ ಎಂದು ಬರೆಯುತ್ತಾರೆ; ಹಿಂದಿನವರಲ್ಲಿ ಆ ಎಚ್ಚರವಿರಲಿಲ್ಲ. 2020ರಲ್ಲಿ ಕಾಸರಕೋಡು ಮತ್ತು ಪಡುಬಿದ್ರಿಯ ದಂಡೆಗಳಿಗೆ ‘ನೀಲಿ ಬಾವುಟ’ದ ಮನ್ನಣೆ ಬಂದಾಗ, ಚೊಕ್ಕಟತನಕ್ಕೂ ಒಂದು ಮರ್ಯಾದೆಯಿದೆಯೆಂದು ಜನಕ್ಕೆ ತಿಳಿಯಿತು. ಇವೆಲ್ಲ ಒಳ್ಳೆಯವೇ.

ಆದರೆ ಉಪಕಾರ ಮಾಡಹೊರಟವರು ಅಗತ್ಯವಾದದ್ದನ್ನು ಹೇಳಬೇಕು. ನಮ್ಮ ಕರಾವಳಿಯಲ್ಲಿ ಜೂನ್ ಒಂದರಿಂದ ಜುಲೈ ಮೂವತ್ತೊಂದರವರೆಗೆ, ಅರುವತ್ತೊಂದು ದಿನ, ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಅದು ಮುಖ್ಯವಾಗಿ ಮೀನು ಮರಿಹಾಕುವ ಕಾಲವೆಂದು ಮಾಡಿದ ನಿಷೇಧ. ಆದರೆ ಕಡಲಲ್ಲೇ ಬೆಳೆದವರೂ ಆ ದಿನಗಳ ನೀರಿಗೆ ಅಂಜುತ್ತಾರೆ. ದಂಡೆ ಆಗ ಅತ್ಯಂತ ‘ನಿರ್ಜನ’ವಾಗಿರುತ್ತದೆ, ಫೋಟೋಗಳೂ ಅತ್ಯಂತ ಚೆನ್ನಾಗಿ ಬರುತ್ತವೆ. ಇನ್ನು ಮಳೆಗಾಲ ಕಳೆದ ಮೇಲೂ ಕಡಲು ಸಾಧುವಾಗುವುದಿಲ್ಲ. 2024ರ ಡಿಸೆಂಬರಿನಲ್ಲಿ, ಜನ ತುಂಬಿದ ಮುರ್ಡೇಶ್ವರದಲ್ಲಿಯೇ, ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಬಾಲಕಿಯರು ನೀರುಪಾಲಾದರು. ಕಾವಲಿನವರೂ ದೋಣಿಗಳೂ ಇರುವ ಜಾಗದಲ್ಲಿ ಹೀಗಾದರೆ, ಕೂಗಿದರೂ ಕೇಳುವವರಿಲ್ಲದ ದಂಡೆಗೆ ಸಂಸಾರ ಸಮೇತ ಹೋಗಿರೆಂದು ಬರೆಯುವವರು ಎಷ್ಟು ಹೊಣೆ ಹೊರಬೇಕು! ಇಳಿತದ ಹೊತ್ತು ಯಾವುದು, ಎಲ್ಲಿ ನೀರು ಒಳಕ್ಕೆ ಸೆಳೆಯುತ್ತದೆ, ಯಾವ ಬಂಡೆ ಪಾಚಿ ಕಟ್ಟಿದೆ ಎಂಬುದನ್ನು ಹೇಳಬಲ್ಲವರು ಒಬ್ಬರೇ. ಲೇಖನದಲ್ಲಿ ನೆರಳಾಗಿ ನಿಂತ ಆ ಮುದುಕ. ‘ಇಲ್ಲಿ ಯಾರೂ ಇಲ್ಲ’ ಎಂದು ಬರೆದ ಗಳಿಗೆಯಲ್ಲಿಯೇ ಲೇಖಕರು ಕೇಳಬೇಕಾದ ಬಾಯಿಯನ್ನು ಮುಚ್ಚಿಬಿಟ್ಟಿರುತ್ತಾರೆ.

ದಂಡೆಯಲ್ಲಿ ಜನ ಇದ್ದರೆಂಬುದಕ್ಕೆ ಇತಿಹಾಸದಲ್ಲಿಯೂ ಸಾಕ್ಷಿ ಕಡಿಮೆಯಿಲ್ಲ. 1930ರ ಏಪ್ರಿಲಿನಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದದ್ದು ಇದೇ ಕಡಲ ನೀರಿನಿಂದ. ಗೋಕರ್ಣದ ಮಗ್ಗುಲಿನ ಸಾಣಿಕಟ್ಟೆಯ ಗದ್ದೆಗಳಲ್ಲಿ ಉಪ್ಪು ತೆಗೆಯುವ ಕಸುಬು ಇಂದಿಗೂ ನಿಂತಿಲ್ಲ; ಎಷ್ಟೋ ಪ್ರವಾಸಿಗರು ಆ ಬೆಳ್ಳಗಿನ ರಾಶಿಗಳ ಪಕ್ಕದಲ್ಲಿಯೇ ಹಾದು ಹೋಗುತ್ತಾರೆ. ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಸೊಂಟಮಟ್ಟದ ನೀರಿನಲ್ಲಿ ನಿಂತು ಬಳಚು ಆರಿಸುವ ಹೆಂಗಸರಿದ್ದಾರೆ. ಅದರ ಗಜನಿಗಳಲ್ಲಿ ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಇವರೆಲ್ಲರೂ ‘ಪ್ಯಾರಡೈಸ್’ಗೆ ಹೋಗುವ ದೋಣಿಯ ದಾರಿಯಿಂದ ಬಹಳ ದೂರವೇನಿಲ್ಲ.

ನಮ್ಮ ಸಂಘದಲ್ಲಿ ಬರೆಯಬಲ್ಲವರು ಹಲವರಿದ್ದಾರೆ. ಬೇಸಿಗೆ ರಜೆಗೆ ಊರಿಗೆ ಹೋಗುವ ಸಂಸಾರಗಳೂ ಇವೆ. 1970ರ ದಶಕದಲ್ಲಿ ಇಪ್ಪತ್ತರ ಹರೆಯದಲ್ಲಿ ರಂಪಣಿಯ ಹಗ್ಗ ಹಿಡಿದವರಿಗೆ ಈಗ ಎಪ್ಪತ್ತು ದಾಟಿದೆ. ಹಿಂಡಿನ ಬಣ್ಣ ನೋಡಿ ಕೈಸನ್ನೆ ಮಾಡುತ್ತಿದ್ದ ಹಿರಿಯರಲ್ಲಿ ಉಳಿದವರು ತೀರ ಕಡಿಮೆ. ಎಳೆಯುವಾಗ ಹಾಡುತ್ತಿದ್ದ ಹಾಡು ಯಾವುದು, ತುಂಡು ಬಲೆಗೆ ಪಾಲು ಎಷ್ಟು ಬರುತ್ತಿತ್ತು, ವಿಧವೆಯ ಪಾಲನ್ನು ಯಾರು ಎತ್ತಿಡುತ್ತಿದ್ದರು, ಕೊನೆಯ ಬಾರಿ ಬಲೆ ಬಿಟ್ಟದ್ದು ಯಾವ ವರ್ಷ, ಆಮೇಲೆ ಆ ಬಲೆ ಏನಾಯಿತು, ಕಂಪೆನಿಯಲ್ಲಿದ್ದವರ ಮಕ್ಕಳಲ್ಲಿ ಮುಂಬಯಿಗೆ ಬಂದವರು ಯಾರು ಯಾರು? ಇಷ್ಟನ್ನು ಕೇಳಿ ಬರೆದು ತ೦ದವರ ಲೇಖನಕ್ಕೆ ಈ ಪುಟಗಳಲ್ಲಿ ಜಾಗವಿದೆ. ಸೂರ್ಯಾಸ್ತ ಬೇಕಿದ್ದರೆ ಅದನ್ನೂ ಸೇರಿಸಲಿ.